ಐಸಿಡಿ ಬ್ಯಾಟರಿಗೆ ಎಷ್ಟು ಆಯಸ್ಸು?

ಎದೆಗೆ ಐಸಿಡಿ, ಅಂದರೆ ಹೃದಯದ ಬಡಿತ ಹದಗೆಟ್ಟಾಗ ಶಾಕ್ ಕೊಟ್ಟು ಸರಿಪಡಿಸುವ ಯಂತ್ರ, ಹಾಕಿಸಿಕೊಂಡವರು ಮೊದಲ ವರ್ಷ ಚೆಕಪ್‌ಗೆ ತಪ್ಪದೆ ಬರುತ್ತಾರೆ. ಎರಡನೇ ವರ್ಷ ಒಂದೆರಡು ಸಲ. ಆಮೇಲೆ ನಾಪತ್ತೆ. ಯಾಕೆ ಅಂತ ಕೇಳಿದರೆ, "ಹತ್ತು ವರ್ಷ ಬರುತ್ತೆ ಅಂದಿದ್ರಲ್ಲ ಸಾರ್, ಆಗ ಬರೋಣ ಅಂತಿದ್ದೆ" ಅನ್ನುತ್ತಾರೆ. ಹಾಸನದಲ್ಲಿ ಹೃದ್ರೋಗಿಗಳನ್ನು ನೋಡುವ ನನಗೆ ಈ ಮಾತು ಕೇಳಿದಾಗಲೆಲ್ಲ ಆತಂಕವಾಗುತ್ತದೆ. 2025ರ ಜೂನ್-ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ಹಬ್ಬಿದಾಗ, ಏನೂ ತೊಂದರೆ ಇಲ್ಲದವರೂ ಮೈಸೂರಿನ ಜಯದೇವದವರೆಗೆ ಹೋಗಿ ಸಾಲು ನಿಂತರು. ಎದೆಯಲ್ಲೇ ಯಂತ್ರ ಇಟ್ಟುಕೊಂಡವರು ಅದರ ಬ್ಯಾಟರಿ ನೋಡಿಸಲು ಅದರ ಅರ್ಧದಷ್ಟಾದರೂ ಕಾಳಜಿ ತೋರಿಸಬೇಕು, ಅಲ್ವಾ?

ಐಸಿಡಿ ಅಂದರೆ ಸಾಮಾನ್ಯವಾಗಿ ಎಡಗಡೆ ಕಾಲರ್ ಬೋನ್ ಕೆಳಗೆ, ಚರ್ಮದಡಿ ಕೂರಿಸುವ ಪುಟ್ಟ ಟೈಟಾನಿಯಂ ಡಬ್ಬಿ. ಅದರಿಂದ ಹೊರಟ ತಂತಿ ಹೃದಯದೊಳಗೆ ಹೋಗಿರುತ್ತದೆ. ಹೃದಯ ಹುಚ್ಚಾಪಟ್ಟೆ ಓಡಿ ಪ್ರಾಣಕ್ಕೆ ಕುತ್ತು ಬಂದರೆ ಅದು ಕೆಲವೇ ಸೆಕೆಂಡಿನಲ್ಲಿ 35ರಿಂದ 40 ಜೌಲ್‌ನಷ್ಟು ಶಕ್ತಿ ತುಂಬಿಕೊಂಡು ಶಾಕ್ ಕೊಡುತ್ತದೆ. ಒಳಗಿರುವುದು ಲಿಥಿಯಂ ಬ್ಯಾಟರಿ. "ಚಾರ್ಜ್ ಮಾಡೋಕೆ ಆಗಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಡಬ್ಬಿ ಪೂರ್ತಿ ಸೀಲ್ ಆಗಿರುವುದರಿಂದ ಬ್ಯಾಟರಿ ಒಂದನ್ನೇ ತೆಗೆದು ಬೇರೆ ಹಾಕುವಂತೆಯೂ ಇಲ್ಲ. ಬ್ಯಾಟರಿ ಮುಗಿದರೆ ಇಡೀ ಡಬ್ಬಿಯನ್ನೇ ಬದಲಿಸಬೇಕು. ತಂತಿಗಳು ಚೆನ್ನಾಗಿದ್ದರೆ ಅವು ಇದ್ದಲ್ಲೇ ಇರುತ್ತವೆ.

1980ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಐಸಿಡಿ ಹಾಕಿದಾಗ ಡಬ್ಬಿ ಎಷ್ಟು ದೊಡ್ಡದಿತ್ತೆಂದರೆ ಹೊಟ್ಟೆಯಲ್ಲಿ ಇಡಬೇಕಾಯಿತು. ಆ ಕಾಲದ ಯಂತ್ರಗಳು ಒಂದೂವರೆ-ಎರಡು ವರ್ಷ ಬಂದರೆ ಹೆಚ್ಚು. ಈಗ ಒಂದು ತಂತಿಯ ಐಸಿಡಿ ಎಂಟರಿಂದ ಹನ್ನೆರಡು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬರುತ್ತದೆ. ಎರಡು ತಂತಿಯದು ಸ್ವಲ್ಪ ಕಡಿಮೆ. ಸಣ್ಣ ವಿದ್ಯುತ್ ತುಡಿತ ಕೊಟ್ಟು ಹೃದಯದ ಎರಡೂ ಕಡೆಯನ್ನು ಸದಾ ಬಡಿಸುತ್ತಿರುವ, ಸಿಆರ್‌ಟಿ-ಡಿ ಎಂಬ ಬಗೆಯ ಐಸಿಡಿ ಐದರಿಂದ ಎಂಟು ವರ್ಷ. ತಂತಿಯನ್ನು ಹೃದಯದೊಳಗೆ ಬಿಡದೆ ಚರ್ಮದಡಿಯಲ್ಲೇ ಇಡುವ ಬಗೆಯದ್ದೂ ಹೆಚ್ಚುಕಡಿಮೆ ಅಷ್ಟೇ.

ಇವೆಲ್ಲ ಅಂದಾಜು. ಒಂದೇ ಕಂಪನಿಯ ಒಂದೇ ಮಾಡೆಲ್ಲನ್ನು ಒಂದೇ ವಾರದಲ್ಲಿ ಹಾಕಿಸಿಕೊಂಡ ಇಬ್ಬರಲ್ಲಿ, ಒಬ್ಬರದು ಏಳು ವರ್ಷಕ್ಕೇ ಮುಗಿಯಬಹುದು, ಇನ್ನೊಬ್ಬರದು ಹನ್ನೊಂದು ವರ್ಷ ನಡೆಯಬಹುದು. ಚೆಕಪ್‌ನಲ್ಲಿ ಐಸಿಡಿಯನ್ನು ಹೊರಗಿನಿಂದಲೇ ಓದುವ ಪ್ರೋಗ್ರಾಮರ್ ಎಂಬ ಉಪಕರಣದ ಪರದೆ ನೋಡಿದರೆ ಕಾರಣ ಕಾಣುತ್ತದೆ. ಮೊದಲನೆಯವರ ಹೃದಯದ ಸ್ವಂತ ಬಡಿತ ನಿಧಾನವಾಗಿ, ಯಂತ್ರವೇ ನೂರಕ್ಕೆ ತೊಂಬತ್ತು ಬಡಿತ ಬಡಿಸುತ್ತಿರುತ್ತದೆ. ಎರಡನೆಯವರ ಯಂತ್ರ ಸುಮ್ನೆ ಕಾವಲು ಕೂತಿರುತ್ತದೆ. ಕಾವಲು ಕೂರುವುದಕ್ಕೂ ಸ್ವಲ್ಪ ಕರೆಂಟ್ ಬೇಕು, ಆದರೆ ಬಡಿಸುವುದಕ್ಕೆ ಬೇಕಾದಷ್ಟಲ್ಲ. ಬಡಿಸುವ ವೋಲ್ಟೇಜ್ ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ, ಸುರಕ್ಷಿತ ಮಟ್ಟಕ್ಕೆ ಇಳಿಸಿ ತಿಂಗಳುಗಟ್ಟಲೆ ಆಯಸ್ಸು ಉಳಿಸಬಹುದು. ಅದಕ್ಕೆ ನೀವು ಚೆಕಪ್‌ಗೆ ಬರಬೇಕು.

ಶಾಕ್‌ಗಳೂ ಬ್ಯಾಟರಿ ತಿನ್ನುತ್ತವೆ. ಒಂದು ಶಾಕ್‌ಗೆ ಕೆಲವು ವಾರಗಳ ಆಯಸ್ಸು ಹೋಯಿತು ಅಂದುಕೊಳ್ಳಿ. ಬೇಕಾದ ಶಾಕ್ ಆದರೆ ಸರಿ, ಜೀವ ಉಳಿಯಿತು. ಬೇಡದ ಶಾಕ್‌ಗಳೂ ಇವೆ. ತಂತಿ ಒಳಗೇ ಸವೆದು ಬಿರುಕುಬಿಟ್ಟರೆ, ಅಲ್ಲಿನ ಗದ್ದಲವನ್ನೇ ಯಂತ್ರ ಹೃದಯದ ಓಟ ಎಂದು ತಿಳಿದು ಶಾಕ್ ಕೊಡಬಹುದು. ಅರ್ಥಿಂಗ್ ಸರಿಯಿಲ್ಲದ ಪಂಪ್‌ಸೆಟ್ಟನ್ನು ಒದ್ದೆ ಕೈಯಲ್ಲಿ ಮುಟ್ಟಿದಾಗಲೂ ಹೀಗಾಗುವುದುಂಟು. ಸಕಲೇಶಪುರ, ಆಲೂರು ಕಡೆ ಆನೆಗೆಂದು ಸೋಲಾರ್ ಬೇಲಿ ಹಾಕಿರುವ ತೋಟದವರಿಗೆ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಬೇಲಿ ರಿಪೇರಿ ನಿಮ್ಮ ಕೆಲಸ ಅಲ್ಲ, ಬೇರೆಯವರಿಗೆ ಬಿಡಿ.

ಬ್ಯಾಟರಿ ಸಾಮಾನ್ಯವಾಗಿ ಒಂದೇ ಸಲ ಕೈಕೊಡುವುದಿಲ್ಲ. ಒಂದು ಮಟ್ಟಕ್ಕೆ ಇಳಿದಾಗ ಯಂತ್ರವೇ 'ಬದಲಿಸುವ ಸಮಯ' ಎಂದು ಗುರುತು ಹಾಕುತ್ತದೆ. ಅಲ್ಲಿಂದ ಸಾಮಾನ್ಯವಾಗಿ ಮೂರು ತಿಂಗಳ ಅವಕಾಶ ಇರುತ್ತದೆ. ಕೆಲವು ಕಂಪನಿಯವು ಪೀಪ್ ಎಂದು ಸದ್ದು ಮಾಡುತ್ತವೆ, ಕೆಲವು ಎದೆಯಲ್ಲೇ ಅದುರುತ್ತವೆ. ನಮ್ಮ ಕಡೆಯ ಕಾಫಿ ಬೆಳೆಗಾರರೊಬ್ಬರ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಪೀಪ್ ಕೇಳಿಸುತ್ತಿತ್ತು. ಮನೆಯವರು ಗೋಡೆ ಗಡಿಯಾರ, ಮೊಬೈಲ್, ಯುಪಿಎಸ್ ಎಲ್ಲ ನೋಡಿದರು. ಸದ್ದು ಯಜಮಾನರ ಹಿಂದೆಯೇ ಹಿತ್ತಲಿಗೂ ಬಂದಾಗ ಗೊತ್ತಾಯಿತು. ಅಷ್ಟರಲ್ಲಿ ವಾರಗಳೇ ಕಳೆದಿದ್ದವು. ಪೀಪ್ ಕೇಳಿದರೆ ರಾತ್ರೋರಾತ್ರಿ ಆಂಬ್ಯುಲೆನ್ಸ್ ಬೇಕಿಲ್ಲ, ಆದರೆ ಆ ವಾರವೇ ಬಂದು ತೋರಿಸಿ. ತಂತಿಯ ತೊಂದರೆಗೂ ಅದೇ ಸದ್ದು ಬರಬಹುದು. ಪೀಪ್ ಹೇಗಿರುತ್ತದೆ ಎಂದು ಚೆಕಪ್‌ನಲ್ಲಿ ಒಮ್ಮೆ ಕೇಳಿಸಿಕೊಳ್ಳಿ, ಮನೆಯವರಿಗೂ ಕೇಳಿಸಿ.

ಹಾಸಿಗೆ ಪಕ್ಕ ಇಟ್ಟರೆ ತಾನಾಗಿಯೇ ಆಸ್ಪತ್ರೆಗೆ ಮಾಹಿತಿ ಕಳಿಸುವ ಮಾನಿಟರ್‌ಗಳಿವೆ. ಬಹಳ ಒಳ್ಳೆಯದು. ಆದರೆ ಅದಕ್ಕೆ ಸಾಮಾನ್ಯವಾಗಿ ಮೊಬೈಲ್ ನೆಟ್‌ವರ್ಕ್ ಬೇಕು. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಅದೇ ಇಲ್ಲ. ಅಂಥವರು ಮೂರರಿಂದ ಆರು ತಿಂಗಳಿಗೊಮ್ಮೆ ಖುದ್ದಾಗಿ ಬರಬೇಕು. ಒಂದು ಭೇಟಿಯನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಘಟ್ಟದ ರಸ್ತೆಗಳನ್ನು ನಂಬುವಂತಿಲ್ಲ.

ಬದಲಿಸುವ ಆಪರೇಷನ್ ಸಾಮಾನ್ಯವಾಗಿ ಮೊದಲಿನದಕ್ಕಿಂತ ಸಣ್ಣದು, ನಿಜ. ಆದರೆ ಸೋಂಕಿನ ಅಪಾಯ ಮೊದಲ ಸಲಕ್ಕಿಂತ ಜಾಸ್ತಿ. ಆಮೇಲೆ ಗಾಯ ಕೆಂಪಾದರೆ, ಊದಿಕೊಂಡರೆ, ಕೀವು ಬಂದರೆ ಅರಿಶಿನ ಹಚ್ಚಿ ಕಾಯಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಲೂಬೇಡಿ. ಹೊಸದು ಹಾಕುವ ಮುಂಚೆ ವೈದ್ಯರನ್ನು ಒಂದು ಪ್ರಶ್ನೆ ಕೇಳಿ: ನನಗೆ ಇದು ಇನ್ನೂ ಬೇಕಾ? ಹೃದಯದ ಪಂಪಿಂಗ್, ಅಂದರೆ ಪ್ರತಿ ಬಡಿತಕ್ಕೆ ಅದು ರಕ್ತ ಹೊರದಬ್ಬುವ ಪ್ರಮಾಣ, ಶೇ. 35 ಅಥವಾ ಅದಕ್ಕಿಂತ ಕಡಿಮೆ ಇದೆ ಎಂದು ಐಸಿಡಿ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಮಾತ್ರೆಯಿಂದ ಪಂಪಿಂಗ್ ಚೆನ್ನಾಗಿ ಸುಧಾರಿಸಿರುತ್ತದೆ. ಒಂದೂ ಶಾಕ್ ಬಂದಿರುವುದಿಲ್ಲ. ಇನ್ನು ಕೆಲವರು ವಯಸ್ಸಾಗಿ ಬೇರೆ ಕಾಯಿಲೆಗಳಿಂದ ಹಾಸಿಗೆ ಹಿಡಿದಿರುತ್ತಾರೆ. ಎಲ್ಲರಿಗೂ ಉತ್ತರ ಒಂದೇ ಅಲ್ಲ. ಎಕೋ ಮಾಡಿಸಿ, ಮನೆಯವರ ಜೊತೆ ಕೂತು ಮಾತಾಡಿ ತೀರ್ಮಾನಿಸಬೇಕು.

ಹಣದ ಮಾತು ಬೇರೆಯೇ ಇದೆ. ಇದು ಲಕ್ಷಗಳ ಲೆಕ್ಕ. ಪರದೆಯಲ್ಲಿ 'ಒಂದು ವರ್ಷ ಬಾಕಿ' ಎಂದು ಕಂಡಾಗಲೇ ಸರ್ಕಾರಿ ಆರೋಗ್ಯ ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರ ಹತ್ತಿರ ಹೋಗಿ, ನಿಮ್ಮ ಕಾರ್ಡಿಗೆ ಏನು ಸಿಗುತ್ತದೆ ಎಂದು ವಿಚಾರಿಸಿ. ಪೀಪ್ ಬಂದ ಮೇಲೆ ಶುರು ಮಾಡಿದರೆ ಮೂರು ತಿಂಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗಿಬಿಡುತ್ತದೆ. ಹೊಸ ಡಬ್ಬಿಯ ಜೊತೆ ಹೊಸ ಗುರುತಿನ ಕಾರ್ಡ್ ಕೊಡುತ್ತಾರೆ. ಅದರ ಫೋಟೊ ಮಗನದೋ ಸೊಸೆಯದೋ ಮೊಬೈಲಿನಲ್ಲಿ ಇರಲಿ. ಒಂದು ಕಂಪನಿಯ ಪ್ರೋಗ್ರಾಮರ್ ಇನ್ನೊಂದು ಕಂಪನಿಯ ಯಂತ್ರವನ್ನು ಓದುವುದಿಲ್ಲ. ಅವೇಳೆಯಲ್ಲಿ ಆಸ್ಪತ್ರೆಗೆ ಬಂದಾಗ ಯಾವ ಕಂಪನಿಯವರಿಗೆ ಫೋನ್ ಮಾಡಬೇಕು ಎಂದು ನಮಗೆ ತಿಳಿಯುವುದು ಆ ಕಾರ್ಡಿನಿಂದಲೇ.