ಪೆಟ್ಟಿಗೆಗೇ ಹೆದರುವ ಇಲಿ

ಕಂಬಿ ನೆಲದ ಪೆಟ್ಟಿಗೆಗೆ ಇಲಿಯನ್ನು ಬಿಟ್ಟು, ಒಂದು ಶಬ್ದ ಕೇಳಿಸಿ, ಕಾಲಿಗೆ ಸಣ್ಣ ಶಾಕ್ ಕೊಡುತ್ತಾರೆ. ಮಾರನೇ ದಿನ ಶಬ್ದವೂ ಬೇಡ, ಶಾಕೂ ಬೇಡ. ಅದೇ ಪೆಟ್ಟಿಗೆಗೆ ಬಿಟ್ಟರೆ ಸಾಕು, ಇಲಿ ಇದ್ದಲ್ಲೇ ಮರಗಟ್ಟುತ್ತದೆ. ಮೀಸೆಯೂ ಅಲುಗುವುದಿಲ್ಲ, ಉಸಿರಿಗೆ ಪಕ್ಕೆ ಏರಿಳಿಯುವುದಷ್ಟೇ ಕಾಣುತ್ತದೆ.

ಭಯಕ್ಕೂ ಮಿದುಳಿನ ಅಮಿಗ್ಡಲ ಎಂಬ ಭಾಗಕ್ಕೂ ನಂಟಿದೆ ಎಂಬುದು 1950ರ ದಶಕದಲ್ಲೇ ಮಂಗಗಳ ಮೇಲಿನ ಪ್ರಯೋಗಗಳಿಂದ ಗೊತ್ತಾಗಿತ್ತು. ಜಾಗದ ಸಂಗತಿ ಬೇರೆ. 1971ರಲ್ಲಿ ಲಂಡನ್ನಿನ ವಿಜ್ಞಾನಿ ಜಾನ್ ಓಕೀಫ್, ಅಮಿಗ್ಡಲದ ಪಕ್ಕದಲ್ಲೇ ಇರುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ವಿಚಿತ್ರ ಕೋಶಗಳನ್ನು ಕಂಡರು. ಇಲಿ ಇಂಥದೇ ಜಾಗಕ್ಕೆ ಬಂದಾಗ ಮಾತ್ರ ಅವು ಚುರುಕಾಗುತ್ತಿದ್ದವು.

ಇವೆರಡೂ ಒಂದು ಕಡೆ ಸೇರಿದ್ದು 1992ರಲ್ಲಿ. ನ್ಯೂಯಾರ್ಕ್‌ನಲ್ಲಿ ಫಿಲಿಪ್ಸ್ ಮತ್ತು ಜೋಸೆಫ್ ಲೆಡು, ಅಮಿಗ್ಡಲ ಕೆಟ್ಟ ಇಲಿಗಳಿಗೆ ಶಬ್ದದ ಭಯವೂ ಇಲ್ಲ, ಜಾಗದ ಭಯವೂ ಇಲ್ಲ ಎಂದು ತೋರಿಸಿದರು. ಹಿಪೊಕ್ಯಾಂಪಸ್ ಕೆಟ್ಟರೆ ಹೋಗುವುದು ಜಾಗದ ಭಯ ಮಾತ್ರ. ಅದೇ ವರ್ಷ ಕ್ಯಾಲಿಫೋರ್ನಿಯಾದ ಕಿಮ್ ಮತ್ತು ಮೈಕೆಲ್ ಫ್ಯಾನ್ಸೆಲೊ ಕಾಲದ ಲೆಕ್ಕವನ್ನೂ ಸೇರಿಸಿದರು. ಶಾಕ್ ಕೊಟ್ಟ ಮಾರನೇ ದಿನವೇ ಹಿಪೊಕ್ಯಾಂಪಸ್‌ಗೆ ಹಾನಿ ಮಾಡಿದರೆ ಪೆಟ್ಟಿಗೆಯ ಭಯ ಅಳಿಸಿಹೋಗುತ್ತಿತ್ತು. 28 ದಿನ ಬಿಟ್ಟು ಮಾಡಿದರೆ ಭಯ ಉಳಿಯುತ್ತಿತ್ತು. ಅಷ್ಟರಲ್ಲಿ ಆ ನೆನಪಿಗೆ ಹಿಪೊಕ್ಯಾಂಪಸ್‌ನ ಹಂಗು ತಪ್ಪಿತ್ತು ಅಂತ ಅವರ ಅಂದಾಜು.

ನನಗೆ ಇದಕ್ಕಿಂತ ಮಜಾ ಅನ್ನಿಸುವುದು ಫ್ಯಾನ್ಸೆಲೊ ಮೊದಲೇ ಗಮನಿಸಿದ್ದ ಇನ್ನೊಂದು ಸಂಗತಿ. ಪೆಟ್ಟಿಗೆಗೆ ಬಿಟ್ಟ ತಕ್ಷಣ ಶಾಕ್ ಕೊಟ್ಟರೆ ಇಲಿಗೆ ಆ ಜಾಗದ ಭಯ ಹತ್ತುವುದೇ ಇಲ್ಲ! ಶಾಕ್ ಅದೇ, ನೋವೂ ಅದೇ. ಒಂದೆರಡು ನಿಮಿಷ ಮೂಲೆ ಮೂಲೆ ಮೂಸಿ ಓಡಾಡಲು ಬಿಟ್ಟು ಆಮೇಲೆ ಕೊಟ್ಟರೆ ಮಾತ್ರ ಹತ್ತುತ್ತದೆ. ಅಂದರೆ ವಾಸನೆ, ಗೋಡೆ, ಕಂಬಿ ಎಲ್ಲ ಸೇರಿ 'ಈ ಜಾಗ' ಅಂತ ಮೊದಲು ಮನಸ್ಸಿಗೆ ಇಳಿಯಬೇಕು. ಗುರುತೇ ಇಲ್ಲದ ಜಾಗಕ್ಕೆ ಹೆದರುವುದು ಹೇಗೆ, ಅಲ್ವಾ?

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. 2002ರಲ್ಲಿ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಸ್ಥೆಯ ಸುಮಂತ್ರ ಚಟರ್ಜಿ ಮತ್ತು ಜೊತೆಗಾರರು ಇಲಿಗಳಿಗೆ ಒತ್ತಡವಾಗಲೆಂದು ಅವನ್ನು 10 ದಿನ, ದಿನಕ್ಕೆ 2 ಗಂಟೆ ಅಲುಗಾಡದಂತೆ ಹಿಡಿದಿಟ್ಟರು. ಹಿಪೊಕ್ಯಾಂಪಸ್ ಕೋಶಗಳ ಕವಲುಗಳು ಮೊಟಕಾದವು. ಅಮಿಗ್ಡಲದಲ್ಲಿ ಉಲ್ಟಾ, ಕವಲುಗಳು ಜಾಸ್ತಿ ಬೆಳೆದವು. ಎರಡು ವರ್ಷದ ನಂತರ ಅದೇ ಪ್ರಯೋಗಾಲಯ ಇನ್ನೊಂದು ವಿಷಯ ಹೇಳಿತು. ಕಾಟ ನಿಲ್ಲಿಸಿ 21 ದಿನ ಬಿಡುವು ಕೊಟ್ಟರೂ ಅಮಿಗ್ಡಲದ ಆ ಬೆಳವಣಿಗೆ ಇಳಿದಿರಲಿಲ್ಲ. ಇಲಿಗಳ ಅಂಜಿಕೆಯೂ ಹಾಗೇ ಇತ್ತು.