ಇಲ್ಲಿ ಬೇಕಾದ ರಕ್ತ ಅಲ್ಲಿ ಯಾಕೆ ಬೇಡ?

ಕಳೆದ ಸೋಣ ತಿಂಗಳ ಒಂದು ರಾತ್ರಿ ನನ್ನ ಮೊಬೈಲಿಗೆ ಅಮೆರಿಕದಿಂದ ಒಂದು ವಾಯ್ಸ್ ಮೆಸೇಜ್ ಬಂತು. ಕಳಿಸಿದವನು ಸುರತ್ಕಲ್ ಕಡೆಯ ಹುಡುಗ. ಇಲ್ಲಿ ಎಂಜಿನಿಯರಿಂಗ್ ಓದುವಾಗ ನಮ್ಮ ರಕ್ತನಿಧಿಗೆ ಒಂಬತ್ತು ಸಲ ರಕ್ತ ಕೊಟ್ಟಿದ್ದ. ರಾತ್ರಿ ಹನ್ನೊಂದಕ್ಕೆ ಕರೆದರೂ ಸ್ಕೂಟರ್ ಹತ್ತಿ ಬರುತ್ತಿದ್ದವರಲ್ಲಿ ಅವನೂ ಒಬ್ಬ.

“ಡಾಕ್ಟ್ರೇ, ಇಲ್ಲಿ ಯೂನಿವರ್ಸಿಟಿಯಲ್ಲಿ ಬ್ಲಡ್ ಕ್ಯಾಂಪ್ ಇತ್ತು. ಫಾರ್ಮ್ ತುಂಬಿಸಿ ಕೊಟ್ಟೆ. ನಿಮ್ಮದು ಇನ್ನೂ ಆಗುದಿಲ್ಲ, 2028ಕ್ಕೆ ಬನ್ನಿ ಅಂದ್ರು. ನನ್ನ ರಕ್ತದಲ್ಲಿ ಎಂತಾದ್ರೂ ಉಂಟಾ?”

ಎಂತದೂ ಇಲ್ಲ ಎಂದು ಆಗಲೇ ಉತ್ತರ ಕಳಿಸಿದೆ. ಆದರೆ ಅವನ ದನಿಯಲ್ಲಿದ್ದ ಅವಮಾನ ನನ್ನನ್ನು ಬಿಡಲಿಲ್ಲ. ಕರಾವಳಿಯಲ್ಲಿ ಮನೆಗೊಬ್ಬರಾದರೂ ಪರವೂರಿನಲ್ಲಿದ್ದಾರೆ. ದುಬೈ, ಕುವೈತ್, ದಮ್ಮಾಮ್‌ಗಳಲ್ಲಿ ಕೆಲಸದವರು, ಬ್ರಿಟನ್ನಿನಲ್ಲಿ ನರ್ಸ್‌ಗಳು, ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರು, ಹಡಗಿನಲ್ಲಿ ದುಡಿಯುವವರು. ಊರಿನಲ್ಲಿದ್ದಾಗ ರಕ್ತ ಕೊಟ್ಟು ಅಭ್ಯಾಸವಾದ ಇವರಲ್ಲಿ ಅನೇಕರಿಗೆ ಹೊರಗೆ ಹೋದ ಮೇಲೆ ಒಂದಲ್ಲ ಒಂದು ಸಲ ‘ನೀವು ಬೇಡ’ ಎಂಬ ಮಾತು ಕೇಳಬೇಕಾಗುತ್ತದೆ. ಯಾಕೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮ ದೇಶದವರೆಂದು ಹೀಗೆ ಮಾಡಿದರು ಎಂದುಕೊಂಡು ಮತ್ತೆ ಆ ಕಡೆ ತಲೆಹಾಕದವರೂ ಇದ್ದಾರೆ.

ಕಾರಣ ದೇಶವಲ್ಲ, ಸೊಳ್ಳೆ.

ಮಂಗಳೂರಿನವರಿಗೆ ಮಲೇರಿಯಾವನ್ನು ಪರಿಚಯಿಸಬೇಕಿಲ್ಲ. 1990ರ ದಶಕದಿಂದ ಮೊದಲ್ಗೊಂಡು ಎಷ್ಟೋ ವರ್ಷ ಕರ್ನಾಟಕದ ಮಲೇರಿಯಾ ಲೆಕ್ಕದಲ್ಲಿ ದೊಡ್ಡ ಪಾಲು ಈ ಒಂದು ನಗರದ್ದೇ ಆಗಿತ್ತು. ಏಳುತ್ತಿರುವ ಕಟ್ಟಡಗಳ ಸ್ಲ್ಯಾಬ್ ಮೇಲೆ ಕ್ಯೂರಿಂಗಿಗೆಂದು ನಿಲ್ಲಿಸಿದ ನೀರು, ಮುಚ್ಚಳ ಸರಿಯಿಲ್ಲದ ಟ್ಯಾಂಕಿ, ಬಳಸದೆ ಬಿಟ್ಟ ಬಾವಿ. ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಸೊಳ್ಳೆಗೆ ಇಷ್ಟು ಸಾಕು. ಈಗ ಪ್ರಕರಣಗಳು ಬಹಳ ಇಳಿದಿವೆ. ಆದರೂ ಬೇರೆ ದೇಶಗಳ ಪಟ್ಟಿಯಲ್ಲಿ ಭಾರತ ಮಲೇರಿಯಾ ಇರುವ ದೇಶವೇ.

ಮಲೇರಿಯಾದ ಪರಾವಲಂಬಿ ಜೀವಿ ಬದುಕುವುದು ಕೆಂಪು ರಕ್ತಕಣದ ಒಳಗೆ. ನಾವು ಚೀಲದಲ್ಲಿ ತುಂಬಿ ರೋಗಿಗೆ ಕೊಡುವುದೂ ಅದೇ ಕೆಂಪು ಕಣವನ್ನು. ಫ್ರಿಜ್ಜಿನ ತಂಪಿಗೂ ಅದು ಕೂಡಲೇ ಸಾಯುವುದಿಲ್ಲ, ದಿನಗಟ್ಟಲೆ ಉಳಿಯುತ್ತದೆ. ನಮ್ಮ ಕಡೆ ಹೆಚ್ಚಾಗಿರುವ ವೈವಾಕ್ಸ್ ಜಾತಿಯದು ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ತಿಂಗಳುಗಟ್ಟಲೆ ಮಲಗಿದ್ದು ಒಂದು ದಿನ ಏಳುತ್ತದೆ. (ಜ್ವರ ಬಿಟ್ಟಿತೆಂದು ಪ್ರೈಮಾಕ್ವಿನ್ ಮಾತ್ರೆಯನ್ನು ನಾಲ್ಕೇ ದಿನಕ್ಕೆ ನಿಲ್ಲಿಸುವವರು ದಯವಿಟ್ಟು ಇದನ್ನು ಗಮನಿಸಿ. ವೈದ್ಯರು 14 ದಿನ ಬರೆದುಕೊಟ್ಟರೆ 14 ದಿನವೂ ನುಂಗಬೇಕು. ಆ ಮಲಗಿದ್ದನ್ನು ಕೊಲ್ಲುವುದು ಆ ಮಾತ್ರೆಯೇ.) ಇನ್ನು, ಮಲೇರಿಯಾ ಇರುವ ಊರಿನಲ್ಲಿ ವರ್ಷಗಟ್ಟಲೆ ಬಾಳಿದವರ ದೇಹಕ್ಕೆ ಅದರ ಜೊತೆ ಅರ್ಧಂಬರ್ಧ ಹೊಂದಾಣಿಕೆ ಆಗಿರಬಹುದು. ರಕ್ತದಲ್ಲಿ ನಾಲ್ಕಾರು ಪರಾವಲಂಬಿಗಳಿದ್ದರೂ ಜ್ವರವಿಲ್ಲ, ನಡುಕವಿಲ್ಲ, ಆಳು ಗಟ್ಟಿ. ಆದ್ದರಿಂದಲೇ ಎರಡು ವಾರಕ್ಕೆ ಹೋಗಿ ಬಂದ ಪ್ರವಾಸಿಗಿಂತ ಅಲ್ಲೇ ಹುಟ್ಟಿ ಬೆಳೆದವರ ಬಗ್ಗೆ ನಿಯಮ ಹೆಚ್ಚು ಬಿಗಿ.

ಹಾಗಾದರೆ ಅದೇ ಹುಡುಗನ ರಕ್ತವನ್ನು ನಾವು ಒಂಬತ್ತು ಸಲ ಹೇಗೆ ತೆಗೆದುಕೊಂಡೆವು?

ನಮ್ಮಲ್ಲಿ ಪ್ರತಿ ಯುನಿಟ್ ರಕ್ತಕ್ಕೂ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಮಲೇರಿಯಾ ಬಂದು ಗುಣವಾದವರನ್ನು ಮೂರು ತಿಂಗಳು ದೂರ ಇಡುತ್ತೇವೆ. ಇದಕ್ಕಿಂತ ದೊಡ್ಡ ರಕ್ಷಣೆ ಒಂದಿದೆ. ರಕ್ತ ಪಡೆದ ರೋಗಿಗೆ ಹತ್ತು ದಿನ ಬಿಟ್ಟು ಜ್ವರ ಬಂದರೆ ಮಂಗಳೂರಿನ ಸರಕಾರಿ ಆಸ್ಪತ್ರೆಯಾದ ವೆನ್‌ಲಾಕ್‌ನಲ್ಲಾಗಲಿ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಾಗಲಿ ಡ್ಯೂಟಿಯಲ್ಲಿರುವ ಅತಿ ಕಿರಿಯ ವೈದ್ಯರೂ ಮೊದಲು ಬರೆಯುವುದು ಮಲೇರಿಯಾ ಟೆಸ್ಟ್. ಅಮೆರಿಕದ ಒಳನಾಡಿನ ಒಂದು ಆಸ್ಪತ್ರೆಯಲ್ಲಿ ಸೊಂಟದ ಆಪರೇಶನ್ ಆದ ಎಪ್ಪತ್ತರ ಅಜ್ಜಿಗೆ ಜ್ವರ ಬಂದರೆ ಗಾಯದಲ್ಲಿ ಕೀವಾಗಿದೆಯೋ, ಶ್ವಾಸಕೋಶದಲ್ಲಿ ಸೋಂಕೋ ಎಂದು ನಾಲ್ಕು ದಿನ ಹುಡುಕುತ್ತಾರೆ. ಊರು ಬಿಟ್ಟು ಎಲ್ಲೂ ಹೋಗದ ಆ ಅಜ್ಜಿಗೆ ಮಲೇರಿಯಾ ಎಂದು ಯಾರಿಗೆ ಹೊಳೆಯಬೇಕು? ಫಾಲ್ಸಿಪಾರಂ ಜಾತಿಯದಾದರೆ ಆ ನಾಲ್ಕು ದಿನವೇ ಪ್ರಾಣಕ್ಕೆ ಸಾಕು. ಅಲ್ಲಿ ದಾನಿಗಳ ರಕ್ತಕ್ಕೆ ಮಲೇರಿಯಾ ಪರೀಕ್ಷೆ ಮಾಡುವ ಪದ್ಧತಿಯೂ ಇರಲಿಲ್ಲ. ಅಂಥ ಒಂದು ಪರೀಕ್ಷೆಗೆ ಅವರ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟದ್ದೇ 2024ರಲ್ಲಿ. ಪರೀಕ್ಷೆ ಇಲ್ಲದ ಕಡೆ ಉಳಿಯುವ ದಾರಿ ಒಂದೇ, ಕೇಳುವುದು ಮತ್ತು ಕಾಯಿಸುವುದು.

ಅಮೆರಿಕದ ಲೆಕ್ಕ ಹೀಗಿದೆ. ಮಲೇರಿಯಾ ಇರುವ ದೇಶದಲ್ಲಿ ಸತತ ಐದು ವರ್ಷ ಅಥವಾ ಹೆಚ್ಚು ಇದ್ದವರು ಅಲ್ಲಿಂದ ಹೊರಟ ಮೇಲೆ ಮೂರು ವರ್ಷ ಕಾಯಬೇಕು. ನಮ್ಮವರು ಎಡವುವುದು ಇದರ ಎರಡನೆಯ ಅರ್ಧದಲ್ಲಿ. ಆ ಮೂರು ವರ್ಷ ತುಂಬುವ ಮೊದಲು ಊರಿಗೆ ಬಂದು ಹೋದರೆ ಎಣಿಕೆ ಮತ್ತೆ ಮೊದಲಿಂದ. ನಮ್ಮ ಸುರತ್ಕಲ್ ಹುಡುಗ ಹೋದದ್ದು 2023ರ ಆಗಸ್ಟಿನಲ್ಲಿ. ಅಕ್ಕನ ಮದುವೆಗೆ 2024ರ ಡಿಸೆಂಬರಿನಲ್ಲಿ ಬಂದು 2025ರ ಜನವರಿಯಲ್ಲಿ ವಾಪಸಾದ. ಬಾರದೆ ಇದ್ದಿದ್ದರೆ 2026ರ ಆಗಸ್ಟಿಗೆ ಅವನ ಕಾಯುವಿಕೆ ಮುಗಿಯುತ್ತಿತ್ತು. ಬಂದದ್ದರಿಂದ 2028ರ ಜನವರಿ. ಅವನಿಗೆ ಅದು ಅಕ್ಕನ ಮದುವೆ, ಫಾರ್ಮಿಗೆ ಅದು ಮಲೇರಿಯಾ ಪ್ರದೇಶದ ಪ್ರಯಾಣ. ಸತತ ಮೂರು ವರ್ಷ ಹೊರಗೇ ಇದ್ದು ಮುಗಿಸಿದವರಿಗೆ ಮಾತ್ರ ಆಮೇಲಿನ ಪ್ರತಿ ಭೇಟಿಗೂ ಮೂರೇ ತಿಂಗಳ ತಡೆ. ಈ ಮೂರು ತಿಂಗಳೂ 2020ಕ್ಕೆ ಮೊದಲು ಒಂದು ವರ್ಷವಾಗಿತ್ತು.

ಬ್ರಿಟನ್ನಿನ ದಾರಿ ಬೇರೆ, ನನಗೆ ಹೆಚ್ಚು ನ್ಯಾಯವೆನಿಸುವ ದಾರಿಯೂ ಹೌದು. ಮಲೇರಿಯಾ ಪ್ರದೇಶದಲ್ಲಿ ಜೀವನದಲ್ಲಿ ಎಂದಾದರೂ ಆರು ತಿಂಗಳು ಒಂದೇ ಸಮನೆ ಇದ್ದವರಿಗೆ, ಕೊನೆಯ ಸಲ ಅಲ್ಲಿಂದ ಬಂದು ನಾಲ್ಕು ತಿಂಗಳಾದ ಮೇಲೆ ಆ್ಯಂಟಿಬಾಡಿ ಪರೀಕ್ಷೆ ಮಾಡುತ್ತಾರೆ. ಹಿಂದೆ ಮಲೇರಿಯಾ ತಗುಲಿದ್ದರ ಗುರುತು ರಕ್ತದಲ್ಲಿ ಉಳಿದಿದೆಯೇ ಎಂದು ನೋಡುವ ಪರೀಕ್ಷೆ ಅದು. ನೆಗೆಟಿವ್ ಬಂದರೆ ಕೊಡಬಹುದು. ಊರಿಗೆ ಬಂದು ಹೋದರೆ ಮತ್ತೆ ನಾಲ್ಕು ತಿಂಗಳು, ಮತ್ತೆ ಪರೀಕ್ಷೆ. ಆಸ್ಟ್ರೇಲಿಯಾದಲ್ಲಿ ಇನ್ನೊಂದು ಅನುಕೂಲವಿದೆ. ರಕ್ತದ ದ್ರವ ಭಾಗವಾದ ಪ್ಲಾಸ್ಮಾದಲ್ಲಿ ಕೆಂಪು ಕಣ ಇಲ್ಲದಿರುವುದರಿಂದ, ಊರಿಗೆ ಹೋಗಿ ಬಂದು ಕಾಯುವ ಅವಧಿಯಲ್ಲೂ ಪ್ಲಾಸ್ಮಾ ಕೊಡಲು ಬಿಡುತ್ತಾರೆ.

ಬ್ರಿಟನ್ನಿಗೆ ಹೋದವರಿಗೆ ಸೊಳ್ಳೆಗೆ ಸಂಬಂಧವೇ ಇಲ್ಲದ ಇನ್ನೊಂದು ತಡೆ ಎದುರಾಗಬಹುದು. ಕುಂದಾಪುರ ಕಡೆಯ ಒಬ್ಬ ನರ್ಸ್ ನನ್ನನ್ನು ಕೇಳಿದ್ದು ಇದನ್ನೇ. ಮೊದಲ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಎರಡು ಯುನಿಟ್ ಹಾಕಿಸಿಕೊಂಡು ಬದುಕಿದವರು ಆಕೆ. ಆ ಋಣ ತೀರಿಸಬೇಕೆಂದೇ ಪ್ರತಿ ವರ್ಷ ರಕ್ತ ಕೊಡುತ್ತಿದ್ದರು. ಭಾರತದಲ್ಲಿ ರಕ್ತ ಪಡೆದವರು ಒಂದು ವರ್ಷ ಬಿಟ್ಟು ಕೊಡಬಹುದು. ಬ್ರಿಟನ್ನಿನಲ್ಲಿ 1980ರ ಜನವರಿ 1ರ ನಂತರ ಯಾವುದೇ ದೇಶದಲ್ಲಿ ರಕ್ತ ಪಡೆದಿದ್ದರೂ ಕೊಡುವಂತಿಲ್ಲ. ಹುಚ್ಚು ಹಸುವಿನ ರೋಗದಿಂದ ಮನುಷ್ಯರಿಗೆ ಬಂದ ವಿಸಿಜೆಡಿ ಎಂಬ ಮೆದುಳಿನ ಕಾಯಿಲೆ ರಕ್ತದ ಮೂಲಕವೂ ದಾಟಿದ್ದನ್ನು ಕಂಡ ದೇಶ ಅದು. ಅದನ್ನು ಹಿಡಿಯಲು ರಕ್ತನಿಧಿಗಳ ಕೈಯಲ್ಲಿ ಇವತ್ತಿಗೂ ಪರೀಕ್ಷೆ ಇಲ್ಲ. “ನನ್ನ ತಪ್ಪು ಎಂತ ಡಾಕ್ಟ್ರೇ?” ಎಂದು ಆಕೆ ಕೇಳಿದಾಗ, ಅಕ್ಕ, ಇದು ನಿಮ್ಮ ರಕ್ತದ ಮೇಲಿನ ತೀರ್ಪಲ್ಲ, ಅವರ ಹಳೆಯ ಗಾಯದ ಎಚ್ಚರಿಕೆ ಎಂದೆ. ಆಕೆ ಈಗ ಅಲ್ಲಿ ಶಿಬಿರಗಳಿಗೆ ಜನ ಸೇರಿಸುತ್ತಾರೆ.

ಮಣಿಪಾಲದಲ್ಲಿ ಓದಿ ಎಂಬತ್ತರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ಉನ್ನತ ಅರ್ಹತೆಯಾದ ಎಫ್‌ಆರ್‌ಸಿಎಸ್‌ಗೆಂದು ಬ್ರಿಟನ್ನಿಗೆ ಹೋಗಿ, ಆಮೇಲೆ ಅಮೆರಿಕದಲ್ಲಿ ನೆಲೆಸಿದ ವೈದ್ಯರಿಗೂ ಇದೇ ರೋಗದ ಭಯದಿಂದ ದಶಕಗಳ ಕಾಲ ಅಲ್ಲಿ ರಕ್ತ ಕೊಡಲಾಗಲಿಲ್ಲ. 1980ರಿಂದ 1996ರ ಒಳಗೆ ಬ್ರಿಟನ್ನಿನಲ್ಲಿ ಒಟ್ಟು ಮೂರು ತಿಂಗಳು ಇದ್ದರೂ ಸಾಕಿತ್ತು, ಕಾಯಂ ತಡೆ. ಅಮೆರಿಕ 2022ರಲ್ಲಿ ಇದನ್ನು ತೆಗೆದುಹಾಕಿತು, ಆಸ್ಟ್ರೇಲಿಯಾವೂ ತನ್ನ ಇಂಥದೇ ತಡೆಯನ್ನು ಅದೇ ವರ್ಷ ತೆಗೆಯಿತು. ಹಳೆಯ ಉತ್ತರವನ್ನೇ ನಂಬಿ ಕುಳಿತವರು ಇನ್ನೊಮ್ಮೆ ವಿಚಾರಿಸಲಿ.

ಹುಡುಗಿಯರಿಗೆ ಮುಖ್ಯವಾದ ಒಂದು ಮಾತು. ನಮ್ಮಲ್ಲಿ 45 ಕಿಲೋ ತೂಕವಿದ್ದರೆ 350 ಮಿಲಿಲೀಟರ್ ಕೊಡಬಹುದು, 450 ಕೊಡಲು 55 ಕಿಲೋ ಬೇಕು. ಬ್ರಿಟನ್, ಅಮೆರಿಕಗಳಲ್ಲಿ ಚೀಲ ದೊಡ್ಡದು, ಕನಿಷ್ಠ 50 ಕಿಲೋ ಇರಲೇಬೇಕು. ಇಲ್ಲಿ ಪ್ರತಿ ಜೂನ್ 14ರ ವಿಶ್ವ ರಕ್ತದಾನಿಗಳ ದಿನದ ಶಿಬಿರದಲ್ಲಿ ಕೊಡುತ್ತಿದ್ದ 47 ಕಿಲೋದ ಹುಡುಗಿ ಅಲ್ಲಿ ತೂಕದಲ್ಲೇ ನಿಲ್ಲುತ್ತಾಳೆ. ಹಿಮೋಗ್ಲೋಬಿನ್ ನಮ್ಮಲ್ಲಿ ಎಲ್ಲರಿಗೂ 12.5, ಅಲ್ಲಿ ಗಂಡಸರಿಗೆ ಇನ್ನೂ ಹೆಚ್ಚು.

ಇನ್ನು ರಜೆಯಲ್ಲಿ ಊರಿಗೆ ಬಂದವರ ವಿಷಯ. ಯುವಕ ಮಂಡಲದ ಶಿಬಿರಗಳಲ್ಲಿ ಗಲ್ಫಿನಿಂದ ಬಂದವರ ಉತ್ಸಾಹ ನೋಡಿಯೇ ಸಂತೋಷವಾಗುತ್ತದೆ. ಆದರೆ ನಮ್ಮ ನಿಯಮದಂತೆ ಒಂದು ದಾನಕ್ಕೂ ಇನ್ನೊಂದಕ್ಕೂ ನಡುವೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಬೇಕು. ಅಮೆರಿಕದಲ್ಲಿ 56 ದಿನಕ್ಕೇ ಬಿಡುತ್ತಾರೆ. ಕಾಪುವಿನ ಒಬ್ಬರು ಕುವೈತಿನಲ್ಲಿ ಕೊಟ್ಟು ಎರಡು ತಿಂಗಳಾಗಿತ್ತಷ್ಟೆ. “ಅದು ಅಲ್ಲಿ ಕೊಟ್ಟದ್ದಲ್ವಾ, ಇಲ್ಲಿ ಲೆಕ್ಕ ಇಲ್ಲ ಅಂದ್ಕೊಂಡೆ” ಎಂದರು. ಕಬ್ಬಿಣಾಂಶ ಹೋದದ್ದು ಒಂದೇ ದೇಹದಿಂದ. ಅವರನ್ನು ಕೂರಿಸಿ ಚಹಾ ಕೊಟ್ಟು ಕಳಿಸಿದೆ. ಆಫ್ರಿಕಾದ ಕೆಲಸಕ್ಕೆಂದು ಯೆಲ್ಲೋ ಫೀವರ್ ಲಸಿಕೆ ಹಾಕಿಸಿಕೊಂಡವರಿಗೆ 28 ದಿನ, ಹೊಸದಾಗಿ ಟ್ಯಾಟೂ ಹಾಕಿಸಿಕೊಂಡವರಿಗೆ ಒಂದು ವರ್ಷ ತಡೆ. ಹಡಗಿನವರು, ವಿಮಾನದ ಸಿಬ್ಬಂದಿ ಮುಂದಿನ ಡ್ಯೂಟಿಗೆ 24 ಗಂಟೆ ಬಾಕಿ ಇರುವಾಗ ಕೊಡುವಂತಿಲ್ಲ.

ಎಲ್ಲಕ್ಕಿಂತ ಕಷ್ಟದ ಮಾತನ್ನು ನಾನು ಆಡಬೇಕಾಗುವುದು ಅಪ್ಪನ ಬೈಪಾಸ್ ಎಂದು ಓಡಿ ಬಂದ ಮಕ್ಕಳ ಹತ್ತಿರ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು, ಮನೆಗೂ ಹೋಗದೆ ಸೂಟ್‌ಕೇಸ್ ಸಮೇತ ರಕ್ತನಿಧಿಗೆ ಬರುತ್ತಾರೆ. “ಅಪ್ಪನಿಗೆ ನನ್ನದೇ ರಕ್ತ ಕೊಡಿ ಡಾಕ್ಟ್ರೇ, ಬೇರೆಯವರದ್ದು ಬೇಡ.” ಎರಡು ರಾತ್ರಿ ನಿದ್ದೆಯಿಲ್ಲ, ಸರಿಯಾಗಿ ಊಟವಿಲ್ಲ. ಈ ಸ್ಥಿತಿಯಲ್ಲಿ ಸೂಜಿ ಚುಚ್ಚಿದರೆ ಅವರೇ ತಲೆ ತಿರುಗಿ ಬೀಳುತ್ತಾರೆ. ಅದಕ್ಕಿಂತ ಮುಖ್ಯ ಕಾರಣ ಬೇರೆ. ಮಗನ ಬಿಳಿ ರಕ್ತಕಣಗಳು ತಂದೆಯದಕ್ಕೆ ತೀರಾ ಹತ್ತಿರದವು. ತಂದೆಯ ದೇಹ ಅವನ್ನು ಪರಕೀಯವೆಂದು ಗುರುತಿಸಿ ನಾಶ ಮಾಡದೆ ಇರಬಹುದು. ಉಳಿದುಕೊಂಡ ಆ ಕಣಗಳು ತಂದೆಯ ಚರ್ಮ, ಕರುಳು, ಲಿವರ್, ಅಸ್ಥಿಮಜ್ಜೆಯ ಮೇಲೆಯೇ ತಿರುಗಿ ಬೀಳಬಹುದು. ಅಪರೂಪ, ಆದರೆ ಬಂದರೆ ಉಳಿಯುವವರು ಬಹಳ ಕಡಿಮೆ. ವಿಕಿರಣ ಹಾಯಿಸದೆ ರಕ್ತಸಂಬಂಧಿಯ ರಕ್ತವನ್ನು ಕೊಡಬಾರದು ಎನ್ನುವುದು ಇದಕ್ಕೇ. ಹಾಗಾಗಿ ಅವರಿಗೆ ಹೇಳುತ್ತೇನೆ: ಇವತ್ತು ಊಟ ಮಾಡಿ ಮಲಗಿ. ನಾಡಿದ್ದು ಬಂದು ಕೊಡಿ, ಅದು ಇನ್ನೊಬ್ಬರ ಅಪ್ಪನಿಗೆ ಹೋಗುತ್ತದೆ. ನಿಮ್ಮ ಅಪ್ಪನಿಗೆ ಬೇಕಾದದ್ದು ನಮ್ಮ ಫ್ರಿಜ್ಜಿನಲ್ಲಿ ಪರೀಕ್ಷೆಯಾಗಿ ಸಿದ್ಧವಾಗಿದೆ.

ಹೊರಡುವವರಿಗೆ ನಾನು ಕೇಳಿಕೊಳ್ಳುವುದು ಒಂದು ಕಾಗದವನ್ನು. ರಕ್ತದ ಗುಂಪು, ಕೊನೆಯ ಸಲ ಕೊಟ್ಟ ದಿನ, ಮಲೇರಿಯಾ ಬಂದಿದ್ದರೆ ಯಾವ ವರ್ಷ ಮತ್ತು ಚಿಕಿತ್ಸೆ ಮುಗಿದ ದಿನ, ರಕ್ತ ಹಾಕಿಸಿಕೊಂಡಿದ್ದರೆ ಯಾವಾಗ, ಊರಿಗೆ ಬಂದು ಹೋದ ತಾರೀಕುಗಳು. ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ಪಾಸ್‌ಪೋರ್ಟಿನ ಮುದ್ರೆಗಳೇ ಅರ್ಧ ಉತ್ತರ ಕೊಡುತ್ತವೆ. ಮತ್ತು ಫಾರ್ಮಿನಲ್ಲಿ ಒಂದು ತಾರೀಕನ್ನೂ ಹಿಂದೆ ಮುಂದೆ ಮಾಡಬೇಡಿ. ಶಿಬಿರಕ್ಕೆ ಕರೆದ ಗೆಳೆಯನ ಮುಖ ಉಳಿಸಲು, ಒಳ್ಳೆಯ ಮನಸ್ಸಿನಿಂದಲೇ ಸುಳ್ಳು ಬರೆದವರನ್ನು ಕಂಡಿದ್ದೇನೆ. ನೀವು ಎಲ್ಲಿ ಬದುಕಿದ್ದಿರಿ ಎಂದು ಯಾವ ಯಂತ್ರವೂ ರಕ್ತದ ಹನಿ ನೋಡಿ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ನೀವೊಬ್ಬರೇ.

ಸುರತ್ಕಲ್ ಹುಡುಗ ಆಮೇಲೆ ಕೇಳಿದ: “ಹಾಗಾದ್ರೆ ಈ ಡಿಸೆಂಬರಿಗೆ ಊರಿಗೆ ಬಾರದೆ ಇದ್ದರೆ ಒಳ್ಳೇದಾ?” ಬೇಡ ಮಾರಾಯ, ಎಂದೆ. ರಕ್ತ ಕೊಡಬೇಕೆಂದು ಅಜ್ಜಿಯನ್ನು ನೋಡದೆ ಕೂರಬೇಡ. ಅಲ್ಲಿ ಆಗದಿದ್ದರೆ ಇಲ್ಲಿ ಕೊಡು. ರಜೆಯ ಕೊನೆಯ ದಿನಕ್ಕೆ ಇಡಬೇಡ, ಬ್ಯಾಗ್ ಎತ್ತುವ ಮೊದಲು ದೇಹಕ್ಕೆ ಎರಡು ದಿನ ಸಿಗಲಿ.

ಅವನು ಬಂದ. ಫ್ಲೈಟಿಗೆ ಐದು ದಿನ ಇರುವಾಗ, ಸಂಜೆ ನಾಲ್ಕಕ್ಕೆ, ಅಜ್ಜಿಯನ್ನೂ ಕರೆದುಕೊಂಡೇ ಬಂದ. ಹತ್ತನೆಯ ಸಲದ ಕಾರ್ಡನ್ನು ಅಜ್ಜಿ ಕೈಚೀಲದಲ್ಲಿ ಹಾಕಿಕೊಂಡರು.