ಮಡಿಕೇರಿಯಲ್ಲಿ ಮನೆ ಕೊಳ್ಳುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ನಾವಿಬ್ಬರೂ ಇನ್ನೆರಡು ವರ್ಷದಲ್ಲಿ ನಿವೃತ್ತರಾಗುತ್ತೇವೆ. ಬೆಂಗಳೂರು ಸಾಕಾಗಿದೆ. ಡಿಸೆಂಬರ್‌ನಲ್ಲಿ ಮಡಿಕೇರಿ ಹತ್ತಿರ ಹತ್ತು ಸೆಂಟ್ ಜಾಗದಲ್ಲಿ ಒಂದು ಮನೆ ನೋಡಿದೆವು. ಮುಂದೆ ದೊಡ್ಡ ಡೆಕ್ ಇದೆ. ಅಲ್ಲಿ ಕೂತರೆ ಇಡೀ ಕಣಿವೆ ಕಾಣುತ್ತದೆ. ಬೆಳಗ್ಗೆ ಹೊರಗೆ ಕೂತು ಕಾಫಿ ಕುಡಿಯಬೇಕು, ಸಂಜೆ ನಡೆಯಬೇಕು, ನಾಲ್ಕು ಗಿಡ ಬೆಳೆಸಬೇಕು. ಇಷ್ಟೇ ನಮ್ಮ ಆಸೆ. ಕೊಳ್ಳಬಹುದಾ?

ಉತ್ತರ: ಕೊಳ್ಳಬಹುದು. ಆದರೆ ಈಗಲೇ ಅಡ್ವಾನ್ಸ್ ಕೊಡಬೇಡಿ. ಜುಲೈ ಕೊನೆಯಲ್ಲಿ ಇನ್ನೊಂದು ಸಲ ಬನ್ನಿ. ಕೊಡಗಿನಲ್ಲಿ ಅದನ್ನು ಕಕ್ಕಡ ತಿಂಗಳು ಅನ್ನುತ್ತಾರೆ. ಮಳೆ ಬಿಡದೆ ಹೊಡೆಯುವ ಕಾಲ. ಬಂದವರು ಡೆಕ್ ಮೇಲೆ ಹೋಗಬೇಡಿ. ಮೊದಲು ಕೊಡೆ ಹಿಡಿದು ಮನೆಯ ಹಿಂದಕ್ಕೆ ಹೋಗಿ.

ಮನೆಯ ಹಿಂದೆ ಬರೆ ಇರುತ್ತದೆ. ಇಳಿಜಾರಿನಲ್ಲಿ ಮನೆ ಕಟ್ಟಲು ಗುಡ್ಡ ಕಡಿದಾಗ ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆಗೆ ಇಲ್ಲಿ ಹಾಗೆ ಹೇಳುತ್ತಾರೆ. ಅದು ಎಷ್ಟು ಎತ್ತರ ಇದೆ, ಗೋಡೆಯಿಂದ ಎಷ್ಟು ದೂರ ಇದೆ ನೋಡಿ. ಅಡುಗೆಮನೆಯ ಕಿಟಕಿ ತೆರೆದರೆ ಕೈಗೆ ಮಣ್ಣು ಸಿಗುವ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ತಡೆಗೋಡೆ ಕಟ್ಟಿದ್ದರೆ ಒಳ್ಳೆಯದು, ಆದರೆ ಅದರಲ್ಲಿ ನೀರು ಬಸಿಯಲು ಪೈಪು ಬಿಟ್ಟಿದ್ದಾರಾ? ಬಿಟ್ಟಿದ್ದರೆ ಜುಲೈನಲ್ಲಿ ಆ ಪೈಪುಗಳಿಂದ ನೀರು ಬರುತ್ತಿರಬೇಕು. ಬರದಿದ್ದರೆ ನೀರು ಗೋಡೆಯ ಹಿಂದೆ ನಿಂತು ಅದನ್ನು ಮುಂದಕ್ಕೆ ತಳ್ಳುತ್ತಿರಬಹುದು. ನಮ್ಮ ಮನೆಯ ಹಿಂದಿನ ಗೋಡೆಗೂ ಕಟ್ಟಿದವರು ಪೈಪು ಬಿಟ್ಟಿರಲಿಲ್ಲ. ಎರಡನೇ ಮಳೆಗಾಲಕ್ಕೇ ಅದು ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ಮೂರನೆಯದು ಬರುವ ಮುಂಚೆ ಕೆಡವಿ ಹೊಸದಾಗಿ ಕಟ್ಟಿಸಿದೆವು.

ಈಗ ನಿಮಗೆ ಅಷ್ಟು ಇಷ್ಟವಾದ ಡೆಕ್‌ಗೆ ಬರೋಣ. ಇಳಿಜಾರನ್ನು ಮಟ್ಟ ಮಾಡುವಾಗ ಜೆಸಿಬಿ ಮೇಲಿನ ಭಾಗ ಕಡಿದು, ಆ ಮಣ್ಣನ್ನೇ ಕೆಳಗೆ ಸುರಿಯುತ್ತದೆ. ಹಾಗಾಗಿ ಮನೆಯ ಹಿಂಬದಿ ಗಟ್ಟಿ ನೆಲದ ಮೇಲಿರುತ್ತದೆ. ಕಣಿವೆ ಕಡೆಯ ಮುಂಬದಿ ಎಷ್ಟೋ ಸಲ ಸುರಿದ ಮಣ್ಣಿನ ಮೇಲಿರುತ್ತದೆ. ಡೆಕ್ ಬರುವುದೇ ಅಲ್ಲಿ. ಡೆಕ್‌ನ ಕಂಬಗಳು ಹಳೆಯ ನೆಲದ ತನಕ ಇಳಿದಿವೆಯಾ ಅಂತ ಕಟ್ಟಿದ ಮೇಸ್ತ್ರಿಯನ್ನೇ ಹುಡುಕಿ ಕೇಳಿ. ಡೆಕ್ ಮತ್ತು ಮನೆ ಸೇರುವ ಕಡೆ ಬಿರುಕು ಇದೆಯಾ, ಕೆಳಗಿನ ಮರಗಳು, ಕರೆಂಟು ಕಂಬ ವಾಲಿವೆಯಾ ನೋಡಿ. ಬಿರುಕಿಗೆ ಹೊಸದಾಗಿ ಸಿಮೆಂಟ್ ಮೆತ್ತಿ ಬಣ್ಣ ಹೊಡೆದಿದ್ದರೆ ಅದೂ ಗೊತ್ತಾಗುತ್ತದೆ, ಸ್ವಲ್ಪ ಹತ್ತಿರದಿಂದ ನೋಡಬೇಕು ಅಷ್ಟೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು ಕಡೆ ಗುಡ್ಡಗಳೇ ಜಾರಿದವು. ಮಡಿಕೇರಿ ಪೇಟೆಯೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರದ ಮನೆಗಳೂ ಉರುಳಿದವು. ಮರುವರ್ಷ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ. ಮಳೆ ವಿಪರೀತ ಇತ್ತು, ನಿಜ. ಆದರೆ 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಮನೆಗೂ ರಸ್ತೆಗೂ ಅಂತ ಇಳಿಜಾರು ಕಡಿದದ್ದನ್ನು ಮುಖ್ಯ ಕಾರಣಗಳಲ್ಲಿ ಒಂದಾಗಿ ಹೇಳಿತು. ಇಲ್ಲಿಯ ಮಣ್ಣು ಆಳವಾದದ್ದು, ಮೆತ್ತಗಿನದು. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಾಗದಲ್ಲಿ ಅಂಥ ಮಣ್ಣಿನ ಬುಡ ಕಡಿದರೆ ಮೇಲಿನದು ಇಳಿಯದೆ ಇನ್ನೇನು ಮಾಡೀತು?

ಮಳೆಯಲ್ಲಿ ನೋಡಬೇಕಾದದ್ದು ಇನ್ನೊಂದಿದೆ. ಮೇಲಿನ ತೋಟದ ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ? ಹಳೆಯ ತೋಡನ್ನು ಮುಚ್ಚಿ ಸೈಟು ಮಾಡಿರುವುದು ಉಂಟು. ಡಿಸೆಂಬರ್‌ನಲ್ಲಿ ಅಲ್ಲಿ ಹುಲ್ಲುಹಾಸು ಕಾಣುತ್ತದೆ. ಜುಲೈನಲ್ಲಿ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬರುತ್ತದೆ. ಬರೆಯ ಬುಡದಲ್ಲಿ ಹೊಸದಾಗಿ ಒರತೆ ಎದ್ದು, ಅದರಲ್ಲಿ ಕೆಸರು ಬರುತ್ತಿದ್ದರೆ ಆ ಮನೆ ಬೇಡ. ಬೆಲೆ ಎಷ್ಟೇ ಇಳಿಸಲಿ, ಬೇಡ.

ಇಷ್ಟು ಮಳೆಯ ಊರಲ್ಲಿ ಬೇಸಿಗೆಗೆ ನೀರಿನ ತಾಪತ್ರಯ ಇದೆ ಅಂದರೆ ನಂಬುವುದು ಕಷ್ಟ, ಅಲ್ವಾ? ಬಿದ್ದ ನೀರು ನಿಲ್ಲದೆ ಇಳಿದು ಹೋಗುತ್ತದೆ. ಪೇಟೆಗೆ ನೀರು ಬರುವುದು ಕೂಟುಹೊಳೆಯಿಂದ. ಪೇಟೆಯ ಹೊರಗಾದರೆ ಬಾವಿ ಅಥವಾ ಬೋರ್‌ವೆಲ್. ಏಪ್ರಿಲ್‌ನಲ್ಲಿ ಬಾವಿಯಲ್ಲಿ ಎಷ್ಟು ನೀರಿರುತ್ತದೆ ಅಂತ ಪಕ್ಕದವರನ್ನು ಕೇಳಿ.

ಇನ್ನು ಕಾಗದ. ಇದಕ್ಕೆ ಕೊಡಗಿನಲ್ಲೇ ಕೆಲಸ ಮಾಡುವ ವಕೀಲರನ್ನು ಹಿಡಿಯಿರಿ. ಬೆಂಗಳೂರಿನ ವಕೀಲರಿಗೆ ಇಲ್ಲಿಯ ಪಹಣಿ ಓದುವುದು ಸುಲಭವಲ್ಲ. ಇಲ್ಲಿ ಜಮ್ಮಾ, ಸಾಗು, ಬಾಣೆ, ಪೈಸಾರಿ ಅಂತ ಜಾಗದಲ್ಲಿ ಬೇರೆ ಬೇರೆ ಬಗೆ ಇದೆ. ಜಮ್ಮಾ ಜಾಗ ಒಬ್ಬರದ್ದಲ್ಲ, ಇಡೀ ಒಕ್ಕದ್ದು, ಅಂದರೆ ಒಂದೇ ಮನೆತನದ ಎಲ್ಲರದ್ದು. ಪಹಣಿಯಲ್ಲಿ ಒಕ್ಕದ ಹಿರಿಯರಾದ ಪಟ್ಟೇದಾರರ ಜೊತೆ ಎಷ್ಟೋ ಹೆಸರುಗಳಿರುತ್ತವೆ, ಕೆಲವರು ತೀರಿಹೋಗಿರುತ್ತಾರೆ. ಒಬ್ಬರ ಸಹಿ ನಂಬಿ ಕೊಂಡರೆ ಮುಂದೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಪೈಸಾರಿ ಅಂದರೆ ಸರ್ಕಾರದ ಜಾಗ, ಅದರ ಹತ್ತಿರವೇ ಹೋಗಬೇಡಿ. ರಿಡೀಮ್ಡ್, ಅನ್‌ರಿಡೀಮ್ಡ್ ಅನ್ನುವ ಮಾತೂ ಕಿವಿಗೆ ಬೀಳುತ್ತದೆ. ಅದು ಮರದ ವಿಷಯ. ಅನ್‌ರಿಡೀಮ್ಡ್ ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿಲ್ಲ, ಹಾಗಾಗಿ ಅಲ್ಲಿಯ ಮರದ ಮೇಲೆ ನಿಮಗೆ ಹಕ್ಕಿಲ್ಲ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಸೈಟು ಮಾಡಿ ಮಾರುವ ಜಾಗಕ್ಕೆ ಭೂಪರಿವರ್ತನೆ ಆಗಿರಲೇಬೇಕು. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ, ಅಂದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯ ನಮೂನೆ 9 ಮತ್ತು 11ಎ ಕೇಳಿ. 11ಬಿ ಅನ್ನುವುದು ಅಧಿಕೃತವಲ್ಲದ ಆಸ್ತಿಗಳ ನಮೂನೆ, ಅದನ್ನು ಕೈಗಿಟ್ಟರೆ ಯಾಕೆ ಅಂತ ಕೇಳದೆ ಮುಂದೆ ಹೋಗಬೇಡಿ.

ಹೊರಗೆ ಕೂತು ಕಾಫಿ ಕುಡಿಯುವ ಆಸೆ ಇದೆಯಲ್ಲ, ಅದು ನನಗೂ ಇತ್ತು. ಈಗಲೂ ಇದೆ, ನಡೆಯುತ್ತಲೂ ಇದೆ. ಆದರೆ ಡೆಕ್ ಮೇಲೆ ಅಲ್ಲ. ತೆರೆದ ಡೆಕ್ ಜೂನ್‌ನಿಂದ ಸೆಪ್ಟೆಂಬರ್ ತನಕ ಪಾಚಿ ಕಟ್ಟಿ ಜಾರುತ್ತದೆ. ಮಳೆ ಪಶ್ಚಿಮದಿಂದ ಗಾಳಿಯ ಜೊತೆ ಬರುತ್ತದೆ. ಕಣಿವೆ ನೋಡುವ ಡೆಕ್ ಆ ಕಡೆಗೇ ಮುಖ ಮಾಡಿದ್ದರೆ ಎರಚಲು ಹಾಲ್ ಒಳಗೇ ಬರುತ್ತದೆ. ಇಲ್ಲಿಯ ಹಳಬರಿಗೆ ಇದು ಗೊತ್ತಿತ್ತು. ಕೊಡವರ ಐನ್‌ಮನೆಗೆ, ಅಂದರೆ ಒಕ್ಕದ ಹಳೆಯ ಮೂಲಮನೆಗೆ ಹೋಗಿ ನೋಡಿ. ಮುಂದೆ ಕಯ್ಯಾಲೆ ಅನ್ನುವ ಉದ್ದನೆಯ ಜಗಲಿ, ಅದರ ಮೇಲೆ ತಗ್ಗಾಗಿ ಇಳಿದ ಹಂಚಿನ ಮಾಡು, ಕಂಬಗಳ ನಡುವೆ ಕೂರಲು ಐಮರ ಅನ್ನುವ ದಪ್ಪ ಹಲಗೆ. ಎಂಥ ಮಳೆಯಲ್ಲೂ ಅಲ್ಲಿ ಒಣಗಿದ ಜಾಗ ಇರುತ್ತದೆ. ನೀವು ಯಾವ ಮನೆ ಕೊಂಡರೂ ಮೊದಲ ಖರ್ಚು ಅಂಥದ್ದೊಂದು ಜಗಲಿಗೆ ಇಡಿ. ಗಾಳಿ ಹೊಡೆಯದ ಪಕ್ಕದಲ್ಲಿ ಮಾಡಿಸಿ, ಮಾಡನ್ನು ಧಾರಾಳವಾಗಿ ಮುಂದಕ್ಕೆ ಚಾಚಿಸಿ. ನಾವು ಮಳೆಗಾಲ ಪೂರ್ತಿ ಕೂರುವುದು, ಮಾತಾಡುವುದು, ಪೇಪರ್ ಓದುವುದು ಎಲ್ಲ ಅಲ್ಲೇ. ಮುಂದೆ ಮಂಜು ಬಂದು ಗೇಟೂ ಕಾಣುವುದಿಲ್ಲ. ಆ ಹೊತ್ತು ಎಷ್ಟು ಚೆಂದ ಅಂತ ಡಿಸೆಂಬರ್‌ನಲ್ಲಿ ಬಂದು ಹೋಗುವವರಿಗೆ ಗೊತ್ತಾಗುವುದಿಲ್ಲ.

ತಾರಸಿ ಮನೆಯಾದರೆ ಮೇಲೆ ಶೀಟಿನ ಮಾಡು ಇದೆಯಾ ನೋಡಿ. ಇಲ್ಲದಿದ್ದರೆ ಹಾಕಿಸಬೇಕಾಗುತ್ತದೆ. ಸೋರುವುದು ನಿಲ್ಲುತ್ತದೆ, ಜೊತೆಗೆ ನಡುವಿನ ಜಾಗ ಬಟ್ಟೆ ಒಣಗಿಸಲು ಸಿಗುತ್ತದೆ. ನಾಲ್ಕು ತಿಂಗಳು ಬಿಸಿಲೇ ಕಾಣದ ಮನೆಯಲ್ಲಿ ಅದಕ್ಕಿಂತ ಬೆಲೆಬಾಳುವ ಜಾಗ ಇಲ್ಲ. ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿದ್ದರೆ ಕರೆಂಟು ದಿನಗಟ್ಟಲೆ ಬರದೆ ಇರಬಹುದು. ಸೌದೆ ಒಲೆ, ಬಚ್ಚಲಿನ ಹಂಡೆ ಇದ್ದರೆ ಕಿತ್ತು ಹಾಕಿಸಬೇಡಿ.

ಸಂಜೆ ನಡಿಗೆಗೆ ಪೇಟೆಯ ಹತ್ತಿರ ತೊಂದರೆ ಇಲ್ಲ. ಮಳೆಗಾಲದಲ್ಲಿ ಜಿಗಣೆ ಹತ್ತುತ್ತವೆ, ಉಪ್ಪು ಇಟ್ಟುಕೊಂಡರೆ ಆಯಿತು. ಸಿದ್ದಾಪುರ, ಸುಂಟಿಕೊಪ್ಪ ಕಡೆ ಮನೆ ನೋಡಿದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಕಾಫಿ ತೋಟಗಳಲ್ಲೇ ಆನೆಗಳಿರುತ್ತವೆ. ಬೆಳಗಿನ ಜಾವ, ಸಂಜೆ ಸುಮ್ನೆ ನಡೆದು ಬರುತ್ತೇವೆ ಅನ್ನುವ ಹಾಗಿಲ್ಲ. ಅಂಗಳದಲ್ಲಿ ಹಲಸಿನ ಮರ ಇದ್ದರೆ ಹಣ್ಣಾಗುವ ಮುಂಚೆಯೇ ಕಾಯಿ ಇಳಿಸುತ್ತಾರೆ, ವಾಸನೆಗೆ ಆನೆ ಬರುತ್ತದೆ ಅಂತ.

ಜುಲೈನಲ್ಲಿ ಬಂದಾಗ ಬ್ರೋಕರ್ ಜೊತೆ ಬರಬೇಡಿ. ನೀವಿಬ್ಬರೇ ಬಂದು ಪಕ್ಕದ ಮನೆಯ ಬಾಗಿಲು ತಟ್ಟಿ. 2018ರ ಆಗಸ್ಟ್‌ನಲ್ಲಿ ನೀವೆಲ್ಲ ಎಲ್ಲಿದ್ದಿರಿ ಅಂತ ಕೇಳಿ. ಆ ವಾರ ಈ ಮನೆಯಲ್ಲೇ ಮಲಗಿದ್ದರಾ, ಇಲ್ಲ ಮಕ್ಕಳನ್ನು ಕಟ್ಟಿಕೊಂಡು ಪರಿಹಾರ ಕೇಂದ್ರಕ್ಕೆ ಹೋಗಿದ್ದರಾ, ಹೋದವರು ಯಾವಾಗ ವಾಪಸ್ ಬಂದರು ಅಂತ ಕೇಳಿ. ಒಳಗೆ ಕರೆದು ಕೂರಿಸಿ ಹೇಳುತ್ತಾರೆ. ಅದನ್ನು ಪೂರ್ತಿ ಕೇಳಿದ ಮೇಲೆ ಅಡ್ವಾನ್ಸ್ ಮಾತು.